ಹುಣಸೆ ಬೀಜದ ಆಟ: ಅನುಭವ ಸಹಕಾರವನ್ನು ಹೇಗೆ ಬೆಳೆಸುತ್ತದೆ, ಹೇಗೆ ಕೆಡಿಸುತ್ತದೆ? ನೀವೇ ಆಡಿಸಿ ನೋಡಿ

ಹಾಲಿನ ಕೊಳದ ಕಥೆ ನಿಮಗೆ ಗೊತ್ತಿರುತ್ತದೆ. ರಾತ್ರಿ ಎಲ್ಲರೂ ಒಂದೊಂದು ಚೊಂಬು ಹಾಲು ತಂದು ಕೊಳಕ್ಕೆ ಸುರಿಯಬೇಕು ಎಂದು ರಾಜ ಡಂಗುರ ಹೊಡೆಸುತ್ತಾನೆ. 'ಎಲ್ಲರೂ ಹಾಲು ಹಾಕ್ತಾರೆ, ನನ್ನದೊಂದು ಚೊಂಬು ನೀರು ಯಾರಿಗೆ ಗೊತ್ತಾಗುತ್ತೆ' ಎಂದು ಪ್ರತಿಯೊಬ್ಬರೂ ನೀರೇ ಸುರಿಯುತ್ತಾರೆ. ಬೆಳಗ್ಗೆ ನೋಡಿದರೆ ಕೊಳದ ತುಂಬ ಬರೀ ನೀರು. ಕಥೆ ಅಲ್ಲಿಗೆ ಮುಗಿಯುತ್ತದೆ. ನನ್ನನ್ನು ಕಾಡಿದ್ದು ಅದರ ಮುಂದಿನ ಮಾತು. ಮರುದಿನವೂ ರಾಜ ಹಾಗೇ ಹೇಳಿದ್ದರೆ? ಹತ್ತು ರಾತ್ರಿ ಹೇಳಿದ್ದರೆ? ಒಮ್ಮೆ ಕೊಳದಲ್ಲಿ ನೀರು ನೋಡಿದವರು ಎರಡನೇ ರಾತ್ರಿ ಚೊಂಬಿನಲ್ಲಿ ಏನು ತರುತ್ತಾರೆ?

ನಾನು ದಾವಣಗೆರೆಯಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಹುಡುಗ ಹುಡುಗಿಯರ ಜೊತೆ, ಆಮೇಲೆ ಭದ್ರಾ ಕಾಲುವೆಯ ಕೊನೇ ಭಾಗದ ಹಳ್ಳಿಗಳಲ್ಲಿ ರೈತರ ಜೊತೆ, ಈ ಪ್ರಶ್ನೆಯನ್ನು ಆಟ ಮಾಡಿ ಆಡಿಸಿದ್ದೇನೆ. ಹಾಗೆ ಆಡಿಸುತ್ತಾ ನನಗೆ ಗಟ್ಟಿಯಾದ ಮಾತು ಒಂದೇ. ಅನುಭವ ಜನರನ್ನು ಒಳ್ಳೆಯವರನ್ನಾಗಿಯೂ ಮಾಡುವುದಿಲ್ಲ, ಕೆಟ್ಟವರನ್ನಾಗಿಯೂ ಮಾಡುವುದಿಲ್ಲ. ಆಟ ಹೇಗಿದೆಯೋ ಅದನ್ನೇ ಕಲಿಸುತ್ತದೆ. ಅದೇ ಹದಿನಾರು ಜನ ಒಂದು ಆಟದಲ್ಲಿ ಕೈ ಹಿಂದೆ ತೆಗೆಯುವುದನ್ನು ಕಲಿಯುತ್ತಾರೆ, ಇನ್ನೊಂದರಲ್ಲಿ ಕೈ ಜೋಡಿಸುವುದನ್ನು ಕಲಿಯುತ್ತಾರೆ. ಇದನ್ನು ನೀವೇ ಕಣ್ಣಾರೆ ನೋಡಲಿ ಎಂದು ಪೂರ್ತಿ ವಿಧಾನ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜು, ಸ್ವಸಹಾಯ ಸಂಘ, ನೀರು ಬಳಕೆದಾರರ ಸಂಘ, ಎಲ್ಲಿ ಬೇಕಾದರೂ ಆಡಿಸಬಹುದು.

ಒಬ್ಬೊಬ್ಬರಿಗೂ ಲಾಭ ಅನ್ನಿಸುವ ದಾರಿಯನ್ನು ಎಲ್ಲರೂ ಹಿಡಿದರೆ ಎಲ್ಲರಿಗೂ ನಷ್ಟ. ಇಂಥ ಪರಿಸ್ಥಿತಿಗೆ ಸಾಮಾಜಿಕ ಸಂದಿಗ್ಧ ಎನ್ನುತ್ತಾರೆ. ಚಳ್ಳಕೆರೆ, ಹಿರಿಯೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪಕ್ಕದವರು ಇನ್ನೂರು ಅಡಿ ಆಳಕ್ಕೆ ಹೋದರು ಎಂದು ನಾವು ಮುನ್ನೂರು ಅಡಿ ಹೋಗುತ್ತೇವೆ. ಕೊನೆಗೆ ಇಬ್ಬರ ಬೋರ್‌ವೆಲ್ಲೂ ಒಣಗುತ್ತದೆ.

ಮೊದಲು ತಯಾರಿ

ಹದಿನಾರು ಜನ ಬೇಕು. ನಾಲ್ಕು ಜನರ ನಾಲ್ಕು ಗುಂಪು. ಒಂದೊಂದು ಗುಂಪಿಗೆ ಲೆಕ್ಕ ಬರೆಯುವವರು ಒಬ್ಬರು. ಇನ್ನೂರು ಹುಣಸೆ ಬೀಜ, ನಂಬರ್ ಹಾಕಿದ ಹದಿನಾರು ಕಾಗದದ ಕವರ್, ಒಂದು ದಾಳ, ಎರಡು ಬಣ್ಣದ ರಟ್ಟಿನ ತುಂಡುಗಳು. ಸಮಯ ಎರಡೂವರೆ ಗಂಟೆ, ಮಧ್ಯೆ ಟೀ. ಹುಣಸೆ ಬೀಜವೇ ಯಾಕೆ ಅಂದರೆ ಅಳಗುಳಿ ಮಣೆ ಆಡಿದವರ ಕೈಗೆ ಅದು ಅಭ್ಯಾಸವಾಗಿರುತ್ತದೆ. ಓದು ಬರಹ ಬಾರದ ಅಜ್ಜಿಯೂ ಸರಾಗವಾಗಿ ಆಡುತ್ತಾರೆ.

ಗೆದ್ದ ಅಂಕಕ್ಕೆ ಏನಾದರೂ ಸಿಗಲೇಬೇಕು. ಸುಮ್ನೆ ಆಡಿದರೆ ಎಲ್ಲರೂ ದಾನಶೂರರಾಗುತ್ತಾರೆ. ಆದರೆ ದುಡ್ಡು ಇಡಬೇಡಿ, ಹಳ್ಳಿಯಲ್ಲಿ ಜೂಜು ಅಂದುಕೊಳ್ಳುತ್ತಾರೆ. 50 ಅಂಕಕ್ಕೆ ಒಂದು ಶೇಂಗಾ ಚಿಕ್ಕಿ ಎಂದು ನಾನು ಇಟ್ಟಿದ್ದೇನೆ. ಮಕ್ಕಳಿಗೆ ಕೊಂಡೊಯ್ಯಬಹುದು ಅಂದಾಗ ದೊಡ್ಡವರೂ ಲೆಕ್ಕ ಹಾಕಿಯೇ ಆಡುತ್ತಾರೆ.

ಮಾತಿನ ಬಗ್ಗೆ ತುಂಬ ಎಚ್ಚರ ಬೇಕು. ಮೊದಲ ಸಲ ಕ್ಲಾಸಿನಲ್ಲಿ ಆಡಿಸುವಾಗ 'ನಿಮ್ಮಲ್ಲಿ ಎಷ್ಟು ಸಹಕಾರ ಇದೆ ನೋಡೋಣ' ಎಂದು ಶುರು ಮಾಡಿದ್ದೆ. ಆ ಒಂದು ಮಾತಿನಿಂದ ಆಟವೇ ಕೆಟ್ಟಿತು. ಹುಡುಗರು ಆಡಿದ್ದು ನನ್ನನ್ನು ಮೆಚ್ಚಿಸಲು. ಇನ್ನೊಮ್ಮೆ ಎಲ್ಲರ ಬೀಜ ಸೇರುವ ಡಬ್ಬಿಯನ್ನು 'ಹುಂಡಿ' ಎಂದು ಕರೆದೆ. ಹುಂಡಿ ಅಂದ ಕೂಡಲೇ ದೇವರ ನೆನಪಾಗಿ ಜನ ಕೈ ಬಿಚ್ಚಿ ಹಾಕಿದರು. ಈಗ ಬರೀ 'ಡಬ್ಬಿ' ಅನ್ನುತ್ತೇನೆ. ಸಹಕಾರ, ಸ್ವಾರ್ಥ, ಮೋಸ, ಊರು, ಈ ಯಾವ ಶಬ್ದವೂ ಆಟ ಮುಗಿಯುವ ತನಕ ನಿಮ್ಮ ಬಾಯಲ್ಲಿ ಬರಬಾರದು.

ಗುಂಪು ಮಾಡುವಾಗ ಅಣ್ಣ ತಮ್ಮಂದಿರನ್ನು, ಸಾಲ ಕೊಟ್ಟವರು ತಗೊಂಡವರನ್ನು ಒಟ್ಟಿಗೆ ಕೂರಿಸಬೇಡಿ. ಚೀಟಿ ಎತ್ತಿಸಿ. ಚೀಟಿಯಲ್ಲಿ ಹಾಗೇ ಬಂದರೆ ಇನ್ನೊಮ್ಮೆ ಎತ್ತಿಸಿ.

ಮೊದಲ ಆಟ: ಡಬ್ಬಿ, ಹತ್ತು ಸುತ್ತು

ಪ್ರತಿ ಸುತ್ತಿನಲ್ಲಿ ಒಬ್ಬೊಬ್ಬರಿಗೆ 10 ಬೀಜ. ತಮಗೆ ಬೇಕಾದಷ್ಟನ್ನು ಕವರ್‌ನಲ್ಲಿ ಹಾಕಿ ಲೆಕ್ಕದವರಿಗೆ ಕೊಡಬೇಕು. ಉಳಿದದ್ದು ಅವರದೇ. ನಾಲ್ಕು ಕವರ್‌ನ ಬೀಜ ಕೂಡಿಸಿ, ಎರಡು ಪಟ್ಟು ಮಾಡಿ, ನಾಲ್ಕೂ ಜನಕ್ಕೆ ಸಮವಾಗಿ ಹಂಚಬೇಕು. ಲೆಕ್ಕದವರಿಗೆ ಸುಲಭದ ದಾರಿ: ಕೂಡಿಸಿದ ಮೊತ್ತದ ಅರ್ಧವೇ ಒಬ್ಬೊಬ್ಬರ ಪಾಲು.

ಆಡುವ ಮುಂಚೆ ಮೂರು ಲೆಕ್ಕಗಳನ್ನು ಬೀಜ ಇಟ್ಟೇ ತೋರಿಸಿ. ಯಾರೂ ಏನೂ ಹಾಕದಿದ್ದರೆ ಎಲ್ಲರಿಗೂ 10. ಎಲ್ಲರೂ 10 ಹಾಕಿದರೆ ಒಟ್ಟು 40, ಪಾಲು 20. ಮೂವರು 10 ಹಾಕಿ ಒಬ್ಬರು ಹಾಕದಿದ್ದರೆ ಒಟ್ಟು 30, ಪಾಲು 15. ಹಾಕಿದ ಮೂವರಿಗೆ 15, ಹಾಕದವರಿಗೆ ಕೈಯಲ್ಲಿದ್ದ 10 ಸೇರಿ 25. ಸಂದಿಗ್ಧ ಪೂರ್ತಿ ಇಷ್ಟರಲ್ಲೇ ಇದೆ. ನಾನು ಹಾಕಿದ ಒಂದು ಬೀಜದಿಂದ ನನಗೆ ಅರ್ಧ ವಾಪಸ್ ಬರುತ್ತದೆ, ಗುಂಪಿಗೆ ಎರಡು ಬರುತ್ತದೆ.

ಹತ್ತು ಸುತ್ತು ಎಂದು ಮೊದಲೇ ಹೇಳಿ. ಗುಂಪು ಬದಲಾಗುವುದಿಲ್ಲ. ಮಾತಾಡುವ ಹಾಗಿಲ್ಲ. ಪ್ರತಿ ಸುತ್ತಿನ ಕೊನೆಗೆ ಗುಂಪಿನ ಒಟ್ಟು ಮೊತ್ತ ಮಾತ್ರ ಹೇಳಬೇಕು, ಯಾರು ಎಷ್ಟು ಹಾಕಿದರು ಎಂದು ಹೇಳಬಾರದು.

ಇನ್ನೊಂದು ಕೆಲಸವನ್ನು ಬಿಡಲೇಬೇಡಿ. ಕವರ್ ಕೊಡುವ ಮುಂಚೆ ಪ್ರತಿಯೊಬ್ಬರೂ 'ಉಳಿದ ಮೂವರು ಸರಾಸರಿ ಎಷ್ಟು ಹಾಕಬಹುದು' ಎಂಬ ಅಂದಾಜನ್ನು ಬರೆಯಬೇಕು, ಅಥವಾ ಲೆಕ್ಕದವರ ಕಿವಿಯಲ್ಲಿ ಹೇಳಬೇಕು. ಅಂದಾಜು, ಹಾಕಿದ್ದು, ಗುಂಪಿನ ಒಟ್ಟು, ಸಿಕ್ಕಿದ್ದು. ಹಾಳೆಯಲ್ಲಿ ಈ ನಾಲ್ಕು ಕಾಲಂ ಸಾಕು. ಅಂದಾಜಿನ ಕಾಲಂ ಇಲ್ಲದಿದ್ದರೆ ಜನ ಏನು ಮಾಡಿದರು ಅಂತ ಗೊತ್ತಾಗುತ್ತದೆ, ಯಾಕೆ ಮಾಡಿದರು ಅಂತ ಗೊತ್ತಾಗುವುದಿಲ್ಲ.

ಏನಾಗುತ್ತದೆ? ಪ್ರಪಂಚದ ನಾನಾ ಕಡೆ ಇಂಥ ಆಟ ಆಡಿಸಿದಾಗ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಕೈಯಲ್ಲಿದ್ದುದರ 40ರಿಂದ 60 ಪರ್ಸೆಂಟ್ ಡಬ್ಬಿಗೆ ಬಿದ್ದಿದೆ. ಸುತ್ತು ಕಳೆದಂತೆ ಇಳಿದಿದೆ. ಕೊನೆಯ ಸುತ್ತಿಗೆ ಇನ್ನೂ ಕೆಳಗೆ. ನನ್ನ ಕ್ಲಾಸಿನಲ್ಲೂ ಹೀಗೇ ಆಗಿದೆ, ಹಳ್ಳಿಯಲ್ಲೂ ಹೀಗೇ. ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆರನೇ ಸುತ್ತಿನ ಮೊತ್ತ ಕೇಳಿದ ಕೂಡಲೇ ಒಬ್ಬ ಅಕ್ಕ, ಮಾತಾಡಬಾರದು ಅನ್ನುವುದನ್ನೂ ಮರೆತು, ಜೋರಾಗಿ ಹೇಳಿದರು: 'ಅವ್ರು ಹಾಕಲ್ಲ ಅಂದ್ಮೇಲೆ ನಾನೊಬ್ಳೇ ಯಾಕ್ ಹಾಕ್ಲಿ ಸರ್?'

ಆ ಅಕ್ಕನ ಮಾತನ್ನು ಹಾಗೇ ಬರೆದಿಟ್ಟುಕೊಳ್ಳಿ. ಮುಂದಿನ ಹೆಜ್ಜೆಗೆ ಅದು ಬೇಕು.

ಇಳಿದದ್ದು ಯಾಕೆ? ಮತ್ತೆ ಶುರು ಮಾಡಿ ನೋಡಿ

ಸಂಖ್ಯೆ ಇಳಿದದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಹಾಕಿದರೆ ಕೈಗೆ ಕಡಿಮೆ ಸಿಗುತ್ತದೆ ಎಂದು ಜನ ನಿಧಾನವಾಗಿ ಲೆಕ್ಕ ಕಲಿತರು. ಎರಡು, ಬೇರೆಯವರು ಹಾಕುತ್ತಿಲ್ಲ ಎಂದು ಬೇಜಾರಾಗಿ ಕೈ ಹಿಂದೆ ತೆಗೆದರು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಮಾತ್ರ ಪೂರ್ತಿ ಬೇರೆ. ಮೊದಲನೆಯದಾದರೆ ಮುಂದೆ ಹೆಚ್ಚೇನೂ ಮಾಡಲಾಗುವುದಿಲ್ಲ. ಎರಡನೆಯದಾದರೆ ತುಂಬ ಮಾಡಬಹುದು.

ಇದನ್ನು ಬೇರೆ ಮಾಡಿ ನೋಡಲು ಒಂದು ಚೆಂದದ ಉಪಾಯವಿದೆ. ಜೇಮ್ಸ್ ಆಂಡ್ರಿಯೋನಿ ಎಂಬ ಅರ್ಥಶಾಸ್ತ್ರಜ್ಞ 1988ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಹತ್ತು ಸುತ್ತು ಮುಗಿದ ಮೇಲೆ, 'ಇನ್ನೂ ಸ್ವಲ್ಪ ಆಡೋಣ, ಹೊಸದಾಗಿ ಒಂದನೇ ಸುತ್ತಿನಿಂದ' ಎಂದು ಹೇಳುವುದು. ಅದೇ ಜನ, ಅದೇ ಗುಂಪು, ಅದೇ ನಿಯಮ. ಜನ ಬರೀ ಲೆಕ್ಕ ಕಲಿತಿದ್ದರೆ ಕಲಿತದ್ದು ಐದು ನಿಮಿಷದಲ್ಲಿ ಮರೆತುಹೋಗುವುದಿಲ್ಲ, ಅಲ್ವಾ? ಮೊತ್ತ ಕೆಳಗೇ ಇರಬೇಕು. ಆದರೆ ಆಂಡ್ರಿಯೋನಿಯ ಪ್ರಯೋಗದಲ್ಲಿ ಅದು ಮತ್ತೆ ಮೇಲೆ ಹಾರಿತು.

ನೀವೂ ಐದು ಸುತ್ತು ಹೀಗೆ ಆಡಿಸಿ. ಬೋರ್ಡ್ ಒರೆಸಿ, ಹೊಸ ಹಾಳೆ ಕೊಡಿ, 'ಇದು ಒಂದನೇ ಸುತ್ತು' ಅನ್ನಿ. ಮೊತ್ತ ಏರಿದ್ದನ್ನು ನಾನು ಮೊದಲ ಸಲ ನೋಡಿದಾಗ ತುಂಬ ಹೊತ್ತು ಅದನ್ನೇ ಯೋಚಿಸಿದೆ. ಜನ ಹತ್ತು ಸುತ್ತು ನಷ್ಟ ನೋಡಿಯೂ ಇನ್ನೊಂದು ಅವಕಾಶ ಕೊಡುತ್ತಾರೆ. ಯುಗಾದಿಗೆ ಹೊಸ ಲೆಕ್ಕದ ಪುಸ್ತಕ ತೆಗೆದ ಹಾಗೆ.

ಆದರೆ ಇಷ್ಟರಿಂದಲೇ ಲೆಕ್ಕ ಕಲಿಯುವವರು ಇಲ್ಲವೇ ಇಲ್ಲ ಎಂದು ತೀರ್ಮಾನಿಸಬೇಡಿ. ಸಂಶೋಧಕರಲ್ಲೇ ಈ ಬಗ್ಗೆ ಭಿನ್ನ ಮತ ಇದೆ. ಅದಕ್ಕೇ ಹಾಳೆಗಳನ್ನು ಒಬ್ಬೊಬ್ಬರದಾಗಿ ಓದಬೇಕು.

ಹಾಳೆ ಓದುವುದು ಹೇಗೆ

ಟೀ ಬಿಡುವಿನಲ್ಲಿ ನೀವು ಮತ್ತು ಲೆಕ್ಕದವರು ಈ ಕೆಲಸ ಮಾಡಿ. ಪ್ರತಿ ಹಾಳೆಯಲ್ಲೂ ಎರಡು ವಿಷಯ ನೋಡಿ. ಉಳಿದವರು ಇವರ ಅಂದಾಜಿಗಿಂತ ಜಾಸ್ತಿ ಹಾಕಿದರೋ ಕಡಿಮೆ ಹಾಕಿದರೋ? ಮುಂದಿನ ಸುತ್ತಿನಲ್ಲಿ ಇವರು ಏರಿಸಿದರೋ ಇಳಿಸಿದರೋ?

ಒಂದು ಉದಾಹರಣೆ. ಒಬ್ಬರು ನಾಲ್ಕನೇ ಸುತ್ತಿನಲ್ಲಿ 6 ಹಾಕಿದರು, ಉಳಿದ ಮೂವರು ಸೇರಿ 14. ಒಟ್ಟು 20, ಪಾಲು 10, ಕೈಯಲ್ಲಿದ್ದ 4 ಸೇರಿ ಇವರಿಗೆ 14. ಐದನೇ ಸುತ್ತಿನಲ್ಲಿ ಇವರು 3ಕ್ಕೆ ಇಳಿಸಿದರು, ಆದರೆ ಉಳಿದವರು ಸೇರಿ 21 ಹಾಕಿಬಿಟ್ಟರು. ಒಟ್ಟು 24, ಪಾಲು 12, ಕೈಯಲ್ಲಿದ್ದ 7 ಸೇರಿ 19. ಆರನೇ ಸುತ್ತಿನಲ್ಲಿ ಏನು ಮಾಡುತ್ತಾರೆ? 'ಇಳಿಸಿದ್ದಕ್ಕೆ ಜಾಸ್ತಿ ಬಂತು' ಎಂದು ಇನ್ನೂ ಇಳಿಸಿದರೆ ಅವರು ಕಲಿಯುತ್ತಿರುವುದು ತಮ್ಮ ಗಳಿಕೆಯಿಂದ. 'ಅವರು ಹಾಕಿದ್ದಾರೆ, ನಾನೂ ಹಾಕಬೇಕು' ಎಂದು ಏರಿಸಿದರೆ ಅವರು ಕಲಿಯುತ್ತಿರುವುದು ಬೇರೆಯವರ ನಡತೆಯಿಂದ. ಇಂಥ ತಿರುವು ಬಂದ ಸುತ್ತುಗಳನ್ನೇ ಹುಡುಕಿ ಗುರುತು ಹಾಕಿ. ಹತ್ತು ಸುತ್ತಿನಲ್ಲಿ ಒಂದೆರಡಾದರೂ ಸಿಗುತ್ತವೆ.

ಎರಡನೇ ಥರದವರಿಗೆ ನಮ್ಮಲ್ಲಿ ಹಳೆಯ ಶಬ್ದವೇ ಇದೆ: ಮುಯ್ಯಿ. ನಾಟಿಗೆ ನೀವು ನಮ್ಮ ಗದ್ದೆಗೆ ಒಂದು ದಿನ ಬಂದರೆ ನಾವು ನಿಮ್ಮ ಗದ್ದೆಗೆ ಒಂದು ದಿನ. ಅದು ಮುಯ್ಯಾಳು. ಮದುವೆಯಲ್ಲಿ ಕೊಟ್ಟದ್ದನ್ನು ಬರೆದಿಟ್ಟು ಅವರ ಮನೆಯ ಮದುವೆಯಲ್ಲಿ ತೀರಿಸುವುದೂ ಮುಯ್ಯಿಯೇ. ಫಿಶ್‌ಬಾಕರ್, ಗೆಕ್ಟರ್, ಫೆರ್ ಎಂಬ ಮೂವರು ಸಂಶೋಧಕರು 2001ರಲ್ಲಿ ಇದನ್ನು ಅಳೆದರು. ಅವರ ಆಟದಲ್ಲಿ ನೂರಕ್ಕೆ ಸುಮಾರು 50 ಜನ ಮುಯ್ಯಿಯವರು, ಬೇರೆಯವರು ಎಷ್ಟು ಹಾಕುತ್ತಾರೋ ಅದನ್ನು ನೋಡಿ ತಾವು ಹಾಕುವವರು. ಸುಮಾರು 30 ಜನ ಬೇರೆಯವರು ಏನೇ ಮಾಡಲಿ ಹಾಕದವರು. ಇಲ್ಲೊಂದು ಸೂಕ್ಷ್ಮ ಇದೆ. ಮುಯ್ಯಿಯವರಲ್ಲೂ ಹೆಚ್ಚಿನವರು ಬೇರೆಯವರಿಗಿಂತ ಒಂದು ಚೂರು ಕಡಿಮೆ ಹಾಕುತ್ತಾರೆ. ಎಲ್ಲರೂ ಸರಾಸರಿಗಿಂತ ಚೂರು ಕಡಿಮೆ ಹಾಕಿದರೆ ಮುಂದಿನ ಸುತ್ತಿನ ಸರಾಸರಿ ಇಳಿಯುತ್ತದೆ, ಅದರ ಮುಂದಿನದು ಇನ್ನೂ ಇಳಿಯುತ್ತದೆ. ಯಾರೂ ಕೆಟ್ಟವರಾಗದೆ ಡಬ್ಬಿ ಖಾಲಿಯಾಗುವುದು ಹೀಗೆ.

ಎರಡನೇ ಆಟ: ದಾಳ ನಿರ್ಧರಿಸುವ ಜೋಡಿ ಆಟ

ಈಗ ಅನುಭವ ಎರಡು ದಿಕ್ಕಿಗೂ ಕಲಿಸುತ್ತದೆ ಎನ್ನುವುದನ್ನು ನೋಡುವ ಭಾಗ. ಹದಿನಾರು ಜನರನ್ನು ಎಂಟೆಂಟರ ಎರಡು ಸಾಲಿನಲ್ಲಿ ಎದುರುಬದುರು ಕೂರಿಸಿ. ಒಬ್ಬೊಬ್ಬರ ಕೈಯಲ್ಲಿ ಎರಡು ರಟ್ಟು, ಹಸಿರು ಮತ್ತು ಹಳದಿ. ನೀವು 'ತೋರಿಸಿ' ಅಂದ ಕೂಡಲೇ ಇಬ್ಬರೂ ಒಟ್ಟಿಗೆ ಒಂದನ್ನು ತೋರಿಸಬೇಕು. ಇಬ್ಬರೂ ಹಸಿರು ಹಿಡಿದರೆ ತಲಾ 3 ಅಂಕ. ಇಬ್ಬರೂ ಹಳದಿ ಹಿಡಿದರೆ ತಲಾ 1. ಒಬ್ಬರು ಹಳದಿ, ಇನ್ನೊಬ್ಬರು ಹಸಿರು ಆದರೆ ಹಳದಿಯವರಿಗೆ 5, ಹಸಿರಿನವರಿಗೆ 0. ಇದು 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಫ್ಲಡ್ ಮತ್ತು ಡ್ರೆಶರ್ ಹುಟ್ಟುಹಾಕಿದ ಆಟ. ಕೈದಿಗಳ ಸಂದಿಗ್ಧ ಎಂಬ ಹೆಸರು ಆಮೇಲೆ ಬಂತು.

ಪ್ರತಿ ಸುತ್ತಿನ ಕೊನೆಗೆ ನೀವು ಎಲ್ಲರಿಗೂ ಸೇರಿ ಒಂದೇ ದಾಳ ಹಾಕಿ. ಗಿಡ್ಡ ಆಟದಲ್ಲಿ 5 ಅಥವಾ 6 ಬಿದ್ದರೆ ಮಾತ್ರ ಅದೇ ಜೋಡಿ ಇನ್ನೊಂದು ಸುತ್ತು ಆಡುತ್ತದೆ. ಉದ್ದ ಆಟದಲ್ಲಿ 1 ಬಿದ್ದರೆ ಮಾತ್ರ ಆಟ ನಿಲ್ಲುತ್ತದೆ. ನಿಂತ ಕೂಡಲೇ ಒಂದು ಸಾಲಿನವರು ಒಂದು ಜಾಗ ಪಕ್ಕಕ್ಕೆ ಸರಿಯಬೇಕು. ಹೊಸ ಜೋಡಿ, ಹೊಸ ಆಟ. ಹೀಗೆ ಏಳೆಂಟು ಜೋಡಿ ಬದಲಾಗಲಿ. ಸಾಧ್ಯವಾದರೆ ಒಂದು ತಂಡಕ್ಕೆ ಗಿಡ್ಡ ಆಟ, ಬೇರೆ ದಿನ ಬೇರೆ ತಂಡಕ್ಕೆ ಉದ್ದ ಆಟ ಆಡಿಸಿ. ಒಂದೇ ತಂಡ ಇದ್ದರೆ ಗಿಡ್ಡ ಆಟ ಮೊದಲು.

ಯಾಕೆ ಈ ಸಂಖ್ಯೆಗಳು? ನನ್ನ ಎದುರಿನವರು ಮುಯ್ಯಿಯವರು, ಒಮ್ಮೆ ಕೈಕೊಟ್ಟರೆ ಆಮೇಲೆ ಹಳದಿಯನ್ನೇ ಹಿಡಿಯುತ್ತಾರೆ ಅಂದುಕೊಳ್ಳಿ. ಈಗ ಹಳದಿ ಹಿಡಿದರೆ ನನಗೆ 3ರ ಬದಲು 5, ಅಂದರೆ 2 ಲಾಭ. ಆಮೇಲೆ ಪ್ರತಿ ಸುತ್ತಿಗೂ 3ರ ಬದಲು 1, ಅಂದರೆ 2 ನಷ್ಟ. ಉದ್ದ ಆಟದಲ್ಲಿ ಸರಾಸರಿ ಇನ್ನೂ ಐದು ಸುತ್ತು ಬಾಕಿ ಇರುತ್ತದೆ, ನಷ್ಟ 10. ಗಿಡ್ಡ ಆಟದಲ್ಲಿ ಸರಾಸರಿ ಅರ್ಧ ಸುತ್ತು ಬಾಕಿ, ನಷ್ಟ ಬರೀ 1. ಈ ಲೆಕ್ಕವನ್ನು ಆಡುವವರಿಗೆ ಹೇಳಿಕೊಡಬೇಡಿ. ಅವರು ಆಡುತ್ತಾ ಆಡುತ್ತಾ ಮೈಯಲ್ಲೇ ಕಲಿಯುವುದನ್ನು ನೋಡಬೇಕು.

ನೀವು ಬರೆದುಕೊಳ್ಳಬೇಕಾದ್ದು ಒಂದೇ: ಪ್ರತಿ ಹೊಸ ಜೋಡಿಯ ಮೊದಲ ಸುತ್ತಿನಲ್ಲಿ ಎಷ್ಟು ಹಸಿರು ಬಂತು. ಹೊಸ ಮುಖ ನೋಡಿದಾಗ ಮೊದಲು ಏನು ತೋರಿಸುತ್ತಾರೋ ಅದರಲ್ಲಿ ಹಿಂದಿನ ಎಲ್ಲ ಅನುಭವ ಇರುತ್ತದೆ. ಪೆಡ್ರೊ ದಾಲ್ ಬೊ ಮತ್ತು ಗಿಯೋಮ್ ಫ್ರೆಶೆಟ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಮುಂದೆ ಮತ್ತೆ ಎದುರಾಗುವ ಸಾಧ್ಯತೆ ಕಡಿಮೆ ಇದ್ದಲ್ಲಿ ಅನುಭವ ಹೆಚ್ಚಿದಂತೆ ಸಹಕಾರ ಇಳಿಯಿತು. ಸಾಧ್ಯತೆಯೂ ಲಾಭವೂ ಸಾಕಷ್ಟು ಜಾಸ್ತಿ ಇದ್ದಲ್ಲಿ ಅನುಭವ ಹೆಚ್ಚಿದಂತೆ ಸಹಕಾರ ಏರಿತು. 'ಸಾಕಷ್ಟು' ಅನ್ನುವುದನ್ನು ಗಮನಿಸಿ. ಲೆಕ್ಕದಲ್ಲಿ ಸಹಕಾರ ಗಿಟ್ಟುತ್ತದೆ ಅಂದಷ್ಟಕ್ಕೇ ಅದು ಬೆಳೆದುಬಿಡುವುದಿಲ್ಲ.

ಒಂದು ಎಚ್ಚರಿಕೆ. ಉದ್ದ ಆಟದಲ್ಲಿ ಯಾರೋ ಗಮನ ತಪ್ಪಿ ಹಳದಿ ತೋರಿಸಿಬಿಡುತ್ತಾರೆ. ಎದುರಿನವರು ಮುಯ್ಯಿ ತೀರಿಸುತ್ತಾರೆ, ಇವರು ಅದಕ್ಕೆ ತೀರಿಸುತ್ತಾರೆ. ಒಂದು ತಪ್ಪಿನಿಂದ ಜಗಳ ಮುಗಿಯುವುದೇ ಇಲ್ಲ. ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಇದೇ ಜೋಡಿ ಆಟದ ಎರಡು ಪಂದ್ಯಾವಳಿ ನಡೆಸಿದಾಗ, ಎರಡರಲ್ಲೂ ಅನಾಟೊಲ್ ರ‍್ಯಾಪೊಪೋರ್ಟ್ ಕಳಿಸಿದ್ದ ಪುಟ್ಟ ಪ್ರೋಗ್ರಾಂ ಗೆದ್ದಿತು. ಮೊದಲು ಕೈ ಜೋಡಿಸು, ಆಮೇಲೆ ಎದುರಿನವರು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಅದು ಅಪ್ಪಟ ಮುಯ್ಯಿ. ಆದರೆ ತಪ್ಪುಗಳು ನುಸುಳುವ ಆಟದಲ್ಲಿ ಅದೇ ಮುಯ್ಯಿ ಸಿಕ್ಕಿಹಾಕಿಕೊಳ್ಳುತ್ತದೆ. ನೊವಾಕ್ ಮತ್ತು ಸಿಗ್ಮಂಡ್ 1993ರಲ್ಲಿ ಇನ್ನೊಂದು ದಾರಿ ತೋರಿಸಿದರು: ಸಿಕ್ಕಿದ್ದು ಸಾಕೆನ್ನಿಸಿದರೆ ಅದೇ ಮಾಡು, ಸಾಲದು ಅನ್ನಿಸಿದರೆ ಬದಲಿಸು. ಹೀಗೆ ಆಡುವ ಇಬ್ಬರು ಒಂದು ತಪ್ಪಾದ ಮೇಲೂ ಬೇಗ ಹಸಿರಿಗೆ ಮರಳುತ್ತಾರೆ. ನಿಮ್ಮ ತಂಡದಲ್ಲಿ ಎರಡು ಹಳದಿಯ ಮೇಲೆ ತಾನಾಗಿ ಹಸಿರು ಹಿಡಿದವರನ್ನು ಗುರುತು ಮಾಡಿಕೊಳ್ಳಿ. ಆಟ ಮುಗಿದ ಮೇಲೆ ಮೊದಲು ಮಾತಾಡಿಸಬೇಕಾದ್ದು ಅವರನ್ನೇ.

ಕೊನೆಯ ಆಟ: ಮಾತಿಗೆ ಅವಕಾಶ

ಮತ್ತೆ ಡಬ್ಬಿಯ ಗುಂಪುಗಳಿಗೆ ವಾಪಸ್. ಈ ಸಲ ಐದು ಸುತ್ತು, ಆದರೆ ಶುರುವಾಗುವ ಮುಂಚೆ ಗುಂಪಿನವರು ಐದು ನಿಮಿಷ ಮಾತಾಡಬಹುದು. ಕವರ್ ಮಾತ್ರ ಗುಟ್ಟು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನರ್ ಆಸ್ಟ್ರಮ್. ಅವರಿಗೆ ಅದು ಬಂದಿದ್ದು 2009ರಲ್ಲಿ. ಅವರೂ ಅವರ ಜೊತೆಗಾರರೂ ನಡೆಸಿದ ಪ್ರಯೋಗಗಳಲ್ಲಿ, ಮುಖ ನೋಡಿ ಮಾತಾಡಲು ಬಿಟ್ಟರೆ ಸಾಕು, ಯಾವ ಒತ್ತಾಯವೂ ಇಲ್ಲದೆ ಸಹಕಾರ ಚೆನ್ನಾಗಿ ಏರಿತ್ತು.

ದಂಡ ಹಾಕುವ ಆಟವೂ ಇದೆ. ನನ್ನ ಒಂದು ಬೀಜ ಖರ್ಚು ಮಾಡಿ ನಿಮ್ಮ ಮೂರು ಬೀಜ ಕಳೆಯಬಹುದು ಎಂಬ ನಿಯಮ. ಫೆರ್ ಮತ್ತು ಗೆಕ್ಟರ್ 2000ದಲ್ಲಿ ತೋರಿಸಿದ ಹಾಗೆ, ದಂಡದ ಅವಕಾಶ ಇದ್ದಲ್ಲಿ ಡಬ್ಬಿಯ ಮೊತ್ತ ಇಳಿಯುವುದಿಲ್ಲ. ಕ್ಲಾಸಿನಲ್ಲಿ ಬೇಕಾದರೆ ಆಡಿಸಿ. ಹಳ್ಳಿಯಲ್ಲಿ ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ನೀವು ಸಂಜೆ ಬಸ್ ಹತ್ತುತ್ತೀರಿ, ದಂಡ ಹಾಕಿದವರು ಹಾಕಿಸಿಕೊಂಡವರು ಅಕ್ಕಪಕ್ಕದ ಮನೆಯಲ್ಲೇ ಇರಬೇಕು.

ಆಟದಿಂದ ಕಾಲುವೆಗೆ

ಈಗ ಎಲ್ಲರನ್ನೂ ಒಂದೇ ಸುತ್ತಿನಲ್ಲಿ ಕೂರಿಸಿ, ಗುಂಪುಗಳ ಮೊತ್ತದ ಗೆರೆಯನ್ನು ಬೋರ್ಡ್ ಮೇಲೆ ಎಳೆದು ತೋರಿಸಿ. ಒಬ್ಬೊಬ್ಬರ ಹಾಳೆಯನ್ನು ಯಾರಿಗೂ ತೋರಿಸಬಾರದು. ನೀವು ವಿವರಣೆ ಕೊಡಬೇಡಿ, ಕೇಳಿ: 'ಇಲ್ಲಿ ಯಾಕೆ ಇಳಿಯಿತು? ಇಲ್ಲಿ ಯಾಕೆ ಏರಿತು?' ಉತ್ತರಗಳು ತಾವಾಗಿಯೇ ಬೀಜ ಬಿಟ್ಟು ನೀರಿಗೆ ಬರುತ್ತವೆ. ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜ ಇಳಿದ ಗೆರೆಯನ್ನು ಬೆರಳಲ್ಲಿ ಮುಟ್ಟಿ, 'ಇದು ನಮ್ಮ ತೂಬು' ಎಂದರು. ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿಕೊಂಡ ಮೇಲೆ ತಮ್ಮಲ್ಲೂ ಸರದಿ ಪಾಲಿಸುವುದು ನಿಂತುಹೋಯಿತು ಎಂದು ಅವರು ವರ್ಷದ ಲೆಕ್ಕ ಹಿಡಿದು ಹೇಳಿದರು.

ಈ ಹೊತ್ತಿನಲ್ಲಿ ಒಂದು ಮಾತು ನೀವೇ ಹೇಳಬೇಕು. ನಾವು ಆಡಿದ ಆಟದಲ್ಲಿ ಎಲ್ಲರೂ ಸಮ, ಕಾಲುವೆಯಲ್ಲಿ ಹಾಗಿಲ್ಲ. ಮೇಲಿನವರಿಗೆ ಕೆಳಗಿನವರ ಹಂಗಿಲ್ಲ. ಕೆಳಗಿನವರು ಮುಯ್ಯಿ ತೀರಿಸಲು ದಾರಿ ಇಲ್ಲ. ನೇಪಾಳದ ರೈತರೇ ನಡೆಸುವ ಕಾಲುವೆಗಳನ್ನು ಆಸ್ಟ್ರಮ್ ನೋಡಿದಾಗ ಅಲ್ಲಿ ಒಂದು ಹಿಡಿ ಇತ್ತು: ವರ್ಷ ವರ್ಷ ಕಾಲುವೆ ರಿಪೇರಿಗೆ ಕೆಳಗಿನವರ ಆಳು ಮೇಲಿನವರಿಗೆ ಬೇಕಿತ್ತು. ಹಾಗಾಗಿ ನೀರು ಕೆಳಗೂ ಹೋಗುತ್ತಿತ್ತು. ನಿಮ್ಮ ತೂಬಿನಲ್ಲಿ ಅಂಥ ಹಿಡಿ ಏನಿದೆ, ಹೂಳು ತೆಗೆಯುವುದೋ, ಹುಲ್ಲು ಕೀಳುವುದೋ, ಅದನ್ನು ಹುಡುಕಲು ಅರ್ಧ ಗಂಟೆ ಕೊಡಿ. ನನ್ನ ಪ್ರಕಾರ ಇಡೀ ದಿನದ ತಿರುಳು ಈ ಅರ್ಧ ಗಂಟೆಯಲ್ಲೇ ಇದೆ.

ಆಟದಿಂದ ನಿಜವಾಗಿ ಏನಾದರೂ ಬದಲಾಗುತ್ತದಾ ಎಂದು ಕೇಳುತ್ತಾರೆ. ಪಕ್ಕದ ಆಂಧ್ರದಲ್ಲಿ ರೂತ್ ಮೈನ್ಜೆನ್-ಡಿಕ್ ಮತ್ತು ಜೊತೆಗಾರರು ಅಂತರ್ಜಲದ ಬಗ್ಗೆ ಇಂಥದೇ ಆಟ ಆಡಿಸಿದರು. ಜಾಸ್ತಿ ನೀರು ಕುಡಿಯುವ ಬೆಳೆಯೋ ಕಡಿಮೆ ಕುಡಿಯುವ ಬೆಳೆಯೋ ಎಂದು ರೈತರು ಆರಿಸಬೇಕಿತ್ತು. ಆಮೇಲೆ ನೋಡಿದಾಗ, ಆಟ ಆಡಿದ ಹಳ್ಳಿಗಳಲ್ಲಿ ನೀರಿನ ಲೆಕ್ಕದ ಪುಸ್ತಕ ಇಡುವುದು, ಅಂತರ್ಜಲಕ್ಕೆ ನಿಯಮ ಮಾಡಿಕೊಳ್ಳುವುದು ಆಡದ ಹಳ್ಳಿಗಳಿಗಿಂತ ಜಾಸ್ತಿ ಇತ್ತು.

ಚಿಕ್ಕಿ ಹಂಚಿ, ಹಾಳೆಗಳ ಮೇಲಿನ ಹೆಸರು ಹರಿದು ತೆಗೆದು, ನಂಬರ್ ಮಾತ್ರ ಉಳಿಸಿಕೊಳ್ಳಿ. ಕೆಲವು ತಿಂಗಳ ಮೇಲೆ ಅದೇ ಜನರನ್ನು ಇನ್ನೊಮ್ಮೆ ಕೂರಿಸಿ. ಹಳೆಯ ಗೆರೆ ತೋರಿಸಬೇಡಿ, ಏನೂ ನೆನಪಿಸಬೇಡಿ, ನೇರ ಡಬ್ಬಿ ಆಟಕ್ಕೆ ಹೋಗಿ, ಒಂದನೇ ಸುತ್ತಿನ ಮೊತ್ತ ಬರೆದುಕೊಳ್ಳಿ. ನಡುವೆ ಅವರ ಗದ್ದೆಗೆ ಬಂದ ನೀರು, ಬಾರದ ನೀರು, ಪಾಲಿಸಿದ ಸರದಿ, ತಪ್ಪಿದ ಸರದಿ ಎಲ್ಲವೂ ಆ ಒಂದು ಸಂಖ್ಯೆಯೊಳಗೆ ಬಂದಿರುತ್ತವೆ. ಅದಕ್ಕೇ ನಾನು ಪ್ರತಿ ಹಳ್ಳಿಗೂ ಕಾಲುವೆಗೆ ನೀರು ಬಿಡುವ ಮುಂಚೆ ಒಮ್ಮೆ, ನೀರು ನಿಂತ ಮೇಲೆ ಒಮ್ಮೆ ಹೋಗುತ್ತೇನೆ.